ಜೆಲೋರ್ಮಳ ಮನೆಯ ವಾಲಿದ ಪ್ರಿನ್ಯೊಲಾಟ

ಚೆನ್ಸಾ ತನ್ನ ಅಕ್ಕ ಜೆಲೋರ್ಮಳ ಜೊತೆ ಮಾತು ಬಿಟ್ಟು ಒಂಬತ್ತು ವರ್ಷವಾಗಿತ್ತು. ಇಬ್ಬರ ಮನೆಯ ನಡುವೆ ಇದ್ದದ್ದು ಒಂದೇ ಗಲ್ಲಿ. ಕಾರಣವೇನೂ ಸಣ್ಣದಲ್ಲ. ಅಮ್ಮ ತೀರಿಹೋಗಿ ವರ್ಷ ತುಂಬಿದ ದಿನ ಚರ್ಚಿನಲ್ಲಿ ನಡೆದ ಬಲಿಪೂಜೆಯಲ್ಲಿ ಪಾದ್ರಿಗಳು ಮನೆಯವರ ಹೆಸರು ಓದಿದಾಗ, ಹೆತ್ತ ಮಗಳಾದ ಚೆನ್ಸಾಳ ಹೆಸರು ಚಿಕ್ಕಪ್ಪನ ಮಗನ ಹೆಸರಾದ ಮೇಲೆ ಬಂದಿತ್ತು. ಆ ಪಟ್ಟಿ ಬರೆದುಕೊಟ್ಟವಳು ಜೆಲೋರ್ಮ. ಇಂಥದ್ದನ್ನೆಲ್ಲ ಕ್ಷಮಿಸುತ್ತ ಹೋದರೆ ನಮ್ಮ ದ್ವೀಪದ ಈ ನದೂರಿನ ಜನ ಸಂಜೆಹೊತ್ತು ಮಾಡುವುದಾದರೂ ಏನು?

ಮಾತು ಬಿಟ್ಟದ್ದರಲ್ಲೂ ಒಂದು ಶಿಸ್ತಿತ್ತು. ಚರ್ಚಿನಲ್ಲಿ ಒಬ್ಬಳು ಎಡಕ್ಕೆ ಕೂತರೆ ಇನ್ನೊಬ್ಬಳು ಬಲಕ್ಕೆ. ಜೆಲೋರ್ಮಳ ಗಂಡ ತೀರಿಕೊಂಡಾಗ ಚೆನ್ಸಾ ವಾರವಿಡೀ ಅಡುಗೆ ಮಾಡಿ ಕಳಿಸಿದಳು, ಶವದ ಹಿಂದೆ ನಡೆದಳು, ಎಲ್ಲರಿಗಿಂತ ಜೋರಾಗಿ ಅತ್ತಳು. ಮಾತು ಮಾತ್ರ ಆಡಲಿಲ್ಲ. ಮೊದಲು ಬಾಯಿಬಿಟ್ಟವಳು ಸೋತಂತೆ ಎಂಬುದು ಇಬ್ಬರಿಗೂ ಗೊತ್ತಿತ್ತು, ಅದನ್ನು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಈ ವರ್ಷ ಕಾರ್ನಿವಲ್ ವಾರದ ಸೋಮವಾರ, ಬ್ರೆಡ್ ವ್ಯಾನಿನ ನೆನು ಬ್ರೆಡ್ ಕೊಡುತ್ತ ಹೇಳಿದ:

"ನಿಮ್ಮಕ್ಕ ಈಸ್ಟರ್ ಆದ್ಮೇಲೆ ಆಸ್ಟ್ರೇಲಿಯಾಗೆ ಹೋಗ್ತಾರಂತಲ್ಲ, ಮಗಳ ಮನೇಗೆ. ಇನ್ನು ವಾಪಸ್ ಬರಲ್ವಂತೆ."

"ಹೋಗ್ಲಿ ಬಿಡು, ನಂಗೇನು," ಎಂದು ಚೆನ್ಸಾ ದುಡ್ಡು ಕೊಟ್ಟು, ಬ್ರೆಡ್ ಅವನ ಕೈಯಲ್ಲೇ ಬಿಟ್ಟು ಒಳಗೆ ಹೋದಳು.

ಅಡುಗೆಮನೆಯಲ್ಲಿ ಗಂಡ ವಿಸ್ತಿನ್ ಬಲೆ ಹೆಣೆಯುತ್ತ ಕೂತಿದ್ದ. ಹೆಂಡತಿಯ ಮುಖ ನೋಡಿದವನೇ ವಿಷಯ ಕೇಳಿದ, ಕೇಳಿ ಹೇಳಿದ:

"ಹೋಗಿ ಮಾತಾಡ್ಸಿ ಬಾರೇ. ಗಲ್ಲಿ ದಾಟಿದ್ರೆ ಮನೆ."

"ಗಲ್ಲಿ ಅವಳಿಗೂ ಅಷ್ಟೇ ಅಗಲ ಇದೆ. ಅವಳೇ ದಾಟ್ಲಿ."

"ಅವಳು ಸಮುದ್ರಾನೇ ದಾಟ್ತಿದಾಳಲ್ಲ."

ಚೆನ್ಸಾ ಅವನ ಮೇಲೆ ರೇಗಿದಳು. ಆದರೆ ಆ ರಾತ್ರಿ ನಿದ್ದೆ ಬರಲಿಲ್ಲ. ಅಕ್ಕ ಇಲ್ಲದ ಊರಿನಲ್ಲಿ ಯಾರ ಜೊತೆ ಮಾತು ಬಿಡುವುದು ಎಂಬ ಯೋಚನೆಯಲ್ಲೇ ಬೆಳಗಾಯಿತು.

ಉಪಾಯ ಹೊಳೆದದ್ದು ಮಂಗಳವಾರ. ನಮ್ಮೂರ ಕಾರ್ನಿವಲ್ಲಿನಲ್ಲಿ ಮುಸುಕು ಹಾಕಿದವರು ಬಾಯಿ ಬಿಡುವ ಹಾಗಿಲ್ಲ. ಗೋಣಿಯೋ ಹಳೇ ಪರದೆಯೋ ಸುತ್ತಿಕೊಂಡು, ದನಿ ಕೇಳಿ ಯಾರಾದರೂ ಗುರುತು ಹಿಡಿದಾರೆಂದು ಮೂಗರಂತೆ ಓಡಾಡುತ್ತಾರೆ. ಅವರು ಯಾರ ಮನೆಗೂ ನುಗ್ಗಬಹುದು, ಕೊಟ್ಟದ್ದನ್ನು ತಿಂದು ಹೋಗಬಹುದು. ಊರಿಗೆ ಊರೇ ಮಾತು ಬಿಟ್ಟಿರುವ ದಿನ ತಾನೂ ಮಾತಾಡದೆ ಅಕ್ಕನ ಮನೆಗೆ ಹೋಗಿ ಬಂದರೆ ಅದು ಸೋಲು ಹೇಗಾದೀತು? ಒಂದು ಸಲ ಮುಖ ನೋಡಿಕೊಂಡು ಬರುವುದು, ಅಷ್ಟೇ.

ವಿಸ್ತಿನ್‌ನ ಮಳೆಕೋಟು, ಹೊಟ್ಟೆಗೊಂದು ದಿಂಬು, ಕಾಲಿಗೆ ಅವನ ಬೂಟು, ತಲೆಗೆ ಕಣ್ಣಿನ ಜಾಗದಲ್ಲಿ ತೂತು ಮಾಡಿದ ಆಲೂಗಡ್ಡೆ ಚೀಲ.

"ಹೇಗಿದೀನಿ?"

"ಮದುವೆ ದಿನಕ್ಕಿಂತ ಚೆನ್ನಾಗಿದೀಯ," ಎಂದ ವಿಸ್ತಿನ್. ಏಟು ಬೀಳುವ ಮೊದಲೇ ಬಾಗಿಲು ತೆರೆದು ನಿಂತ.

ಹೊತ್ತು ಮುಳುಗುತ್ತಿತ್ತು. ಜೆಲೋರ್ಮಳ ಬಾಗಿಲು ತೆರೆದೇ ಇತ್ತು. ಮುಸುಕಿನವನನ್ನು ಕಂಡು ಅವಳು ಎದ್ದು ನಿಂತಳು. ಎಷ್ಟು ಸಣ್ಣಗಾಗಿದ್ದಾಳೆ! ಚರ್ಚಿನಲ್ಲಿ ದೂರದಿಂದ ಇದು ಕಾಣುತ್ತಿರಲಿಲ್ಲ.

"ಬಾರಪ್ಪಾ, ಯಾರೋ ಏನೋ, ಬಾ. ನಾಳೆ ವಿಭೂತಿ ಬುಧವಾರ, ಆಮೇಲೆ ಈಸ್ಟರ್ ತನಕ ಸಿಹಿ ಇಲ್ಲ. ಕೂತ್ಕೊ, ಪ್ರಿನ್ಯೊಲಾಟ ತಿನ್ನು."

ಮೇಜಿನ ಮೇಲಿದ್ದ ಪ್ರಿನ್ಯೊಲಾಟ ನೋಡಿ ಚೆನ್ಸಾ ಚೀಲದೊಳಗೇ ಕಣ್ಣರಳಿಸಿದಳು. ಬಟ್ಟಲಿನಲ್ಲಿ ಅಮುಕಿ ಬೋರಲು ಹಾಕಿದ ಕೇಕು ಚರ್ಚಿನ ಗುಮ್ಮಟದ ಹಾಗೆ ನೆಟ್ಟಗೆ ನಿಲ್ಲಬೇಕು. ಇದು ಕುಡಿದವನ ಹಾಗೆ ಒಂದು ಕಡೆಗೆ ವಾಲಿತ್ತು. ಬಿಳಿ ಕೆನೆ ಜಾರಿ ತಟ್ಟೆಗಿಳಿದಿತ್ತು, ಅದರ ಮೇಲೆ ಸುರಿದ ಚಾಕೊಲೇಟು ದಾರಿ ತಪ್ಪಿತ್ತು, ಪೈನ್ ಬೀಜಗಳೆಲ್ಲ ಒಂದೇ ಕಡೆ ಗುಂಪುಗೂಡಿದ್ದವು. ಊರಿನಲ್ಲೇ ಒಳ್ಳೇ ಪ್ರಿನ್ಯೊಲಾಟ ತನ್ನದೆಂದು ಜಂಬ ಕೊಚ್ಚುತ್ತಿದ್ದ ಜೆಲೋರ್ಮಳ ಕೈಯಿಂದ ಇದು! ಒಂಬತ್ತು ವರ್ಷದಿಂದ ಕೂಡಿಟ್ಟ ಬೈಗುಳವೆಲ್ಲ ಚೆನ್ಸಾಳ ನಾಲಿಗೆ ತುದಿಗೆ ಬಂದು ನಿಂತಿತು. ಬಾಯಿ ಬಿಡುವಂತಿಲ್ಲ. ದೇವರು ಎಂಥ ಅವಕಾಶವನ್ನು ಎಂಥ ದಿನ ಕೊಟ್ಟ!

ಚೀಲದ ಅಂಚು ಮೂಗಿನ ತನಕ ಎತ್ತಿ ಒಂದು ತುತ್ತು ತಿಂದಳು. ಸಕ್ಕರೆ ಕರಗದೆ ಹಲ್ಲಿಗೆ ಮರಳಿನಂತೆ ಸಿಕ್ಕಿತು. ಬೀಜ ಹಳತು, ಮುಗ್ಗಲು ವಾಸನೆ.

ಜೆಲೋರ್ಮ ಎದುರಿಗೆ ಕೂತು ಮಾತು ತೆಗೆದಳು.

"ನಂಗೊಬ್ಬಳು ತಂಗಿ ಇದಾಳಪ್ಪ, ಈ ಗಲ್ಲಿ ಆಚೆ. ಕತ್ತೆ. ಹಟ ಹಿಡಿದ್ರೆ ಮುಗೀತು. ಅಡುಗೆ ಅಂತೂ ಕೇಳ್ಬೇಡ, ಅವಳ ಗಂಡ ಬದುಕಿರೋದೇ ಪವಾಡ."

ಚೆನ್ಸಾಳ ಗಂಟಲಲ್ಲಿ ಕೇಕು ಸಿಕ್ಕಿಕೊಂಡಿತು. ಕೆಮ್ಮಿದರೆ ದನಿ ಗುರುತು ಸಿಕ್ಕೀತೆಂದು ಕೆಮ್ಮನ್ನೂ ನುಂಗಿದಳು.

"ಹೋಗ್ಲಿ, ಕೇಕ್ ಹೇಗಿದೆ ಹೇಳು. ಕೈ ನಡುಗುತ್ತೆ ಈಗ, ಕಲಸೋಕಾಗಲ್ಲ. ಅದಕ್ಕೇ ಮಗಳು ಕರೀತಿರೋದು. ಚೆನ್ನಾಗಿಲ್ಲ, ಅಲ್ವಾ?"

ಆಗ ಚೆನ್ಸಾ ಆ ನಡುಗುವ ಕೈಗಳನ್ನು ನೋಡಿದಳು. ಕೂಡಿಟ್ಟ ಬೈಗುಳ ಎಲ್ಲಿ ಹೋಯಿತೋ. ಜೀವಮಾನದಲ್ಲಿ ಮೊದಲ ಸಲ ಅಕ್ಕನ ಅಡುಗೆಯ ಬಗ್ಗೆ ಸುಳ್ಳು ಹೇಳಿದಳು, ಅದೂ ಮಾತಿಲ್ಲದೆ: ಬೆರಳಿಗೆ ಮುತ್ತಿಟ್ಟು, ಹೊಟ್ಟೆಯ ದಿಂಬು ಸವರಿ, ಇನ್ನೊಂದು ತುಂಡಿಗೆ ತಟ್ಟೆ ಚಾಚಿದಳು.

ಜೆಲೋರ್ಮ ಚಾಕು ಎತ್ತಲಿಲ್ಲ.

"ಹಾಗಾದ್ರೆ ನೀನು ಅವಳಲ್ಲ," ಎಂದಳು. "ಬೂಟು ಎಳ್ಕೊಂಡು ಬಂದ ರೀತಿ ನೋಡಿ ಅವಳೇ ಅಂದ್ಕೊಂಡೆ. ನನ್ನ ತಂಗಿ ಆಗಿದ್ರೆ ಇದನ್ನ ಬಾಯಿಗಿಟ್ಟ ತಕ್ಷಣ ಉಗೀತಿದ್ಲು. ಇಷ್ಟು ವರ್ಷದಿಂದ ನನ್ನ ಕೇಕನ್ನ ಎಲ್ಲರೂ ಹೊಗಳ್ತಾರೆ, ಒಬ್ರೂ ನಿಜ ಹೇಳಲ್ಲ. ಹೋಗು ಮಗಾ, ಮುಂದಿನ ಮನೆಗೆ ಹೋಗು."

ಅವಳು ನಿಜಕ್ಕೂ ಬಾಗಿಲ ಕಡೆ ಕೈ ತೋರಿಸಿದಳು. ಒಂದೇ ಒಂದು ಸಲ ಒಳ್ಳೆಯವಳಾಗಿದ್ದಕ್ಕೆ ಸಿಕ್ಕಿದ್ದು ಇದು! ಚೆನ್ಸಾ ಎದ್ದಳು, ಹೊಸ್ತಿಲ ತನಕ ಹೋದಳು, ಅಲ್ಲಿ ತಡೆಯಲಾಗದೆ ಚೀಲ ಕಿತ್ತು ಬಿಸುಟಳು.

"ಸಕ್ಕರೆ ಪುಡಿ ಮಾಡಿಲ್ಲ, ಬೀಜ ಹೋದ ವರ್ಷದ್ದು, ನಿಲ್ಲೋಕೆ ಶಕ್ತಿಯಿಲ್ಲ ಅದಕ್ಕೆ! ಹಂದಿಗೆ ಹಾಕಿದ್ರೆ ಹಂದಿ ಪೊಲೀಸ್ರಿಗೆ ಹೇಳುತ್ತೆ! ಅಮ್ಮ ಎದ್ದು ಬಂದಿದ್ರೆ ಇದನ್ನ ನೋಡಿ ಇನ್ನೊಂದ್ಸಲ ಸಾಯ್ತಿದ್ಲು!"

ಜೆಲೋರ್ಮ ಮೇಜು ಬಡಿದು ನಕ್ಕಳು. ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು.

"ಸೋತೆ ನೀನು! ಸೋತೆ ಕಣೇ ಚೆನ್ಸಾ! ಮೊದಲು ಮಾತಾಡಿದ್ದು ನೀನೇ!"

"ಹೂಂ, ನಾನೇ," ಎಂದಳು ಚೆನ್ಸಾ. ಹೊಟ್ಟೆಯ ದಿಂಬು ಜಾರಿ ಮೊಣಕಾಲಿಗೆ ಬಂದಿತ್ತು. "ನಾನೇ ಮೊದಲು ಮಾತಾಡಿದ್ದು, ಊರಿಗೆಲ್ಲ ಹೇಳ್ಕೊ. ಹೋಗ್ಬೇಡ ಅಕ್ಕಾ."

ಒಂಬತ್ತು ವರ್ಷ ಕಾದು ಗೆದ್ದ ಜೆಲೋರ್ಮಳ ನಗು ನಿಂತಿತು. ಅವಳು ಮೇಜಿನ ಮೇಲೆ ಚೆಲ್ಲಿದ ಸಕ್ಕರೆಯನ್ನು ಅಂಗೈಯಿಂದ ಒಂದೆಡೆಗೆ ಸರಿಸಿದಳು, ಮತ್ತೆ ಇನ್ನೊಂದೆಡೆಗೆ ಸರಿಸಿದಳು.

"ಹೀಗೇ ಹೋದ ವಾರ ಬಂದು ಬೈಬಾರದಿತ್ತೇನೇ," ಎಂದಳು. "ನೀನು ಬರ್ತೀಯೇನೋ ಅಂತ ಶನಿವಾರದ ತನಕ ಕಾದೆ. ಆಮೇಲೆ ಟಿಕೆಟ್ ತಗೊಂಡೆ."