ಆರು ಅಮಾವಾಸ್ಯೆಗಳ ವಂತಿಗೆ

ಸಹೃದಯ ವಾಚಕ ಮಹಾಶಯರೇ, ಗಣಿತವೆಂಬ ಶುಷ್ಕಾರಣ್ಯದಲ್ಲಿ ಒಮ್ಮೆ ನನಗೆ ಆರು ದಿನಗಳು ದೊರೆತ ವೃತ್ತಾಂತವನ್ನು ತಮ್ಮ ಅವಗಾಹನೆಗೆ ತರಲು ಅಪ್ಪಣೆಯಾಗಲಿ.

ಆ ಜನವರಿಯಲ್ಲಿ ನಾನು ಕಂಪ್ಲಿಯ ಅಕ್ಕಿ ಗಿರಣಿಯೊಂದರಲ್ಲಿ ತಾತ್ಕಾಲಿಕ ಗುಮಾಸ್ತ. ನಲವತ್ತು ಕೆಲಸಗಾರರ ಇಎಸ್‌ಐ ವಿಮೆಯ ವಂತಿಗೆಯನ್ನು ಕಂಪ್ಯೂಟರಿಗೆ ಏರಿಸುವುದು ನನ್ನ ಕೆಲಸ. ಕೂಲಿಯಲ್ಲಿ ಕೆಲಸಗಾರರ ಪಾಲು ನೂರಕ್ಕೆ ಮುಕ್ಕಾಲು, ಮಾಲೀಕರದು ಮೂರೂಕಾಲು. ದಿನಕ್ಕೆ ಐನೂರಾದರೆ ಎರಡೂ ಸೇರಿ ಇಪ್ಪತ್ತು ರೂಪಾಯಿ. ಹೊಟ್ಟಿನ ಧೂಳು ಕಿಟಕಿಯ ಬಿಸಿಲಿನಲ್ಲಿ ತೇಲುತ್ತಿತ್ತು. ಅಂಕಿಗಳೂ ಅದರೊಡನೆ ತೇಲುವಂತೆ ತೋರುತ್ತಿದ್ದವು.

ಭತ್ತ ಒಣಗಿಸುವ ಕರೆಮ್ಮ ಬಾಗಿಲಲ್ಲಿ ಬಂದು ನಿಂತಳು. ಗರ್ಭಕೋಶದ ಶಸ್ತ್ರಚಿಕಿತ್ಸೆಯಾಗಿ ಹತ್ತು ದಿನ. ವೈದ್ಯರು ಎರಡು ತಿಂಗಳ ವಿಶ್ರಾಂತಿ ಬರೆದಿದ್ದರು. ಆ ಕಾಲಕ್ಕೆ ಇಎಸ್‌ಐ ಕೂಲಿಯ ಹತ್ತರಲ್ಲಿ ಏಳು ಪಾಲು ಕೊಡುತ್ತದೆ. ಆದರೆ ಹಿಂದಿನ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಎಪ್ಪತ್ತೆಂಟು ದಿನಗಳ ವಂತಿಗೆ ಸಂದಿರಬೇಕು. ಗಿರಣಿ ವಾರಕ್ಕೆ ಮೂರೇ ದಿನ ತಿರುಗಿದ್ದ ಆ ತಿಂಗಳುಗಳಲ್ಲಿ ಆಕೆಯದು ಎಪ್ಪತ್ತೆರಡು.

"ಇಎಸ್‌ಐ ಆಫೀಸಿನಾಗ ಆರು ದಿನ ಕಮ್ಮಿ, ರೊಕ್ಕ ಬರಂಗಿಲ್ಲ ಅಂದ್ರರೀ. ನಾಳಿಂದ ಚೀಲ ಹೊರಾಕ ಬರ್ತೀನಿ, ಬಿಡ್ರಿ."

"ಹೊಲಿಗಿ ಬಿಚ್ಚಿದ್ರ ಗೋಣಿದಾರದಾಗ ಹೊಲಿಯೋಣೇನು?" ಎಂದು ಗದರಿದ, ಹಾಜರಿ ಬರೆಯುವ ಮುದುಕ ಉಜ್ಜಿನಪ್ಪ.

ಹಾಜರಿ ಪುಸ್ತಕವನ್ನು ತಿರುವಿದೆ. ಕೆಲಸವಿಲ್ಲದ ದಿನಗಳಿಗೆ ಅಡ್ಡಗೆರೆ ಎಳೆದಿತ್ತು. ಆದರೆ ಪ್ರತಿ ತಿಂಗಳೂ ಒಂದು ದಿನ, ಗೆರೆಯೂ ಇಲ್ಲದೆ, ಎಲ್ಲರ ಸಾಲಿನಲ್ಲೂ ಖಾಲಿ.

"ಅವತ್ತು ಅಮಾಸಿರೀ," ಎಂದ ಉಜ್ಜಿನಪ್ಪ. "ಮಿಲ್ ತಿರುಗಲ್ಲ. ಕಾಯಿ ಒಡೆದು, ಕೂಲಿ ಕೊಟ್ಟು ಕಳಸ್ತೀವಿ. ದೊಡ್ಡ ಧಣಿ ಕಾಲದಿಂದ ಹಂಗ."

"ಕೊಡುವುದು ಕೂಲಿಯೇ?"

"ಮತ್ತೇನು, ಮೈಸೂರುಪಾಕ?"

ಅಮಾವಾಸ್ಯೆಯ ಕೂಲಿ ಪಡೆದ ಚೀಟಿಗಳ ಬೇರೊಂದು ಕಟ್ಟಿನಲ್ಲಿ ಆರಕ್ಕೆ ಆರೂ ಕರೆಮ್ಮನ ಸಹಿಗಳಿದ್ದವು. ಕೂಲಿ ಕೊಟ್ಟ ರಜೆಯೂ ವಂತಿಗೆಯ ದಿನವೇ. ಚಂದ್ರನಿಲ್ಲದ, ಯಂತ್ರ ಮಲಗಿದ ಆ ದಿನಗಳು ಒಂದೊಂದಾಗಿ ಎದ್ದು ಬಂದು ಆಕೆಯ ಪಕ್ಕದಲ್ಲಿ ಮೌನವಾಗಿ ಕುಳಿತಂತೆ ನನಗೆ ಭಾಸವಾಯಿತು.

ಮಾಲೀಕ ರೇವಣಸಿದ್ದನವರು ಕೇಳಿ ಕಣ್ಣು ಕಿರಿದು ಮಾಡಿದರು. "ಒಬ್ಬಾಕಿಗೆ ಕಟ್ಟಿದ್ರ ನಲವತ್ತು ಮಂದಿಗೂ ಕಟ್ಟಬೇಕಲ್ರೀ?"

"ಹೌದು. ತಡವಾದ್ದರಿಂದ ಅವರ ಪಾಲೂ ತಮ್ಮದೇ. ಬಡ್ಡಿ ಬೇರೆ."

"ಕಟ್ಟದಿದ್ರ?"

"ಆಕೆ ನಾಳೆ ಚೀಲ ಹೊರುತ್ತಾಳೆ."

ಅಂಗಳದಲ್ಲಿ ಹೊಟ್ಟೆ ಹಿಡಿದು ಕುಳಿತಿದ್ದ ಕರೆಮ್ಮನನ್ನು ಅವರು ಬಹಳ ಹೊತ್ತು ನೋಡಿದರು. "ಕಟ್ರಿ. ಆಮ್ಯಾಲ ನೀವು ಬ್ಯಾರೆ ಕಡೆ ನೋಡ್ಕೋರಿ. ನಿಮ್ಮ ವಿದ್ಯಾ ನಮಗ ಭಾಳ ತುಟ್ಟಿ."

ಸಂಜೆಯೊಳಗೆ ನಲವತ್ತು ಹೆಸರುಗಳ ಮುಂದೆಯೂ ದಿನಗಳು ಸೇರಿದವು. ಎಪ್ಪತ್ತೆಂಟೆಂದು ಅಚ್ಚಾದ ಹಾಳೆಯನ್ನು ಕರೆಮ್ಮನ ಕೈಗಿತ್ತೆ.

"ಮಾರ್ಚ್ ತನಕ ಮನ್ಯಾಗ ಇರಬೌದೇನ್ರಿ?" ಎಂದಳು, ನಂಬದವಳಂತೆ.

"ಇರಿ," ಎಂದೆ.

ಎರಡು ಅಂಗಿ, ಒಂದು ಲುಂಗಿ, ರಟ್ಟು ಕಳಚಿದ ನಾಲ್ಕು ಕಾದಂಬರಿಗಳನ್ನು ಚೀಲಕ್ಕೆ ತುರುಕಿ ಹೊಸಪೇಟೆಯ ಬಸ್ಸು ಹತ್ತಿದೆ. ಸಂಡೂರಿನಲ್ಲಿ ಗುಮಾಸ್ತರು ಬೇಕಾಗಿದ್ದಾರೆಂದು ಯಾರೋ ಹೇಳಿದ್ದರು.