ಬಳೆ ಮೇಸ್ತ್ರಿಯ ಅಳತೆ

ಹೆಣದ ಪೆಟ್ಟಿಗೆಗೆ ಹೆಗಲು ಕೊಡಲು ಬಗ್ಗಿದ ಮೂವರೂ ಹಾಗೆಯೇ ನಿಂತರು. ನಾಲ್ಕನೆಯ ಮೂಲೆಗೆ ಬರಬೇಕಿದ್ದ ಸತ್ತವನ ತಮ್ಮ, ಗೇಟಿಗೆ ಒರಗಿ, ಕೈ ಕಟ್ಟಿಕೊಂಡು ರಸ್ತೆ ನೋಡುತ್ತಿದ್ದ. ಸತ್ತವನ ಹೆಂಡತಿ ಅವನ ಹತ್ತಿರ ಹೋದಳು. ಒಡಹುಟ್ಟಿದವನು ಹೆಗಲು ಕೊಡದೆ ನನ್ನನ್ನು ಎತ್ತಿಸಬೇಡ ಎಂದು ಗಂಡ ಹಾಸಿಗೆ ಹಿಡಿದಾಗ ಅವಳಿಂದ ಮಾತು ತೆಗೆದುಕೊಂಡಿದ್ದ.

"ನಿಮ್ಮ ಮುಖ ನೋಡಿ ಬಂದಿದೀನಿ ಅತ್ತಿಗೆ. ಹೆಗಲು ಮಾತ್ರ ಕೇಳಬೇಡಿ. ಬೇಕಂತ ನನ್ನ ಮನೆ ಚರಂಡಿ ಬಾಯಿ ಮುಚ್ಚಿದೋನು ಅವನು."

ಹೊರಲು ಬಗ್ಗಿದ್ದ ಮೂವರೂ ಸತ್ತವನ ಕೈಕೆಳಗೆ ದುಡಿದವರು. ಅವರಲ್ಲಿ ಡೊಳ್ಳ ಎನ್ನುವವನು, ಅದೇ ಹೊಲಸನ್ನು ಇನ್ನೆಷ್ಟು ದಿನ ತಲೆಮೇಲೆ ಹೊತ್ತು ತಿರುಗುತ್ತೀಯ ಎಂದು ಕೆಣಕಿದ.

*

ನೆಲ ಅಗೆಯದೆ ಚರಂಡಿ ಪೈಪು ರಿಪೇರಿ ಮಾಡುವುದು ಸತ್ತವನ ಕಸುಬಾಗಿತ್ತು. ಮಡಚಿದ ಉಕ್ಕಿನ ಬಳೆಯನ್ನು ಮ್ಯಾನ್‌ಹೋಲಿನಿಂದ ಒಳಗೆ ತಳ್ಳಿ, ಬಿರುಕಿನ ಜಾಗದಲ್ಲಿ ಮೆಲ್ಲಗೆ ಅರಳಿಸುತ್ತಿದ್ದ. ಅರಳಿದ ಬಳೆ ಒಳಗಿನಿಂದ ಪೈಪನ್ನು ಆತು ಹಿಡಿಯುತ್ತಿತ್ತು. ನೆಲದ ಹೊಟ್ಟೆಗೆ ಬಳೆ ತೊಡಿಸುವವನೆಂದು ಜೊತೆಯವರು ಅವನನ್ನು ಬಳೆ ಮೇಸ್ತ್ರಿ ಎನ್ನುತ್ತಿದ್ದರು. ಮನೆಮನೆಯ ಪೈಪು ಬಂದು ಸೇರುವ ಬಾಯಿಗಳನ್ನು ಬಿಟ್ಟು ಬಳೆ ಕೂರಿಸಬೇಕು. ತನ್ನ ಬೀದಿಯಲ್ಲೇ ಅವನು ತಮ್ಮನ ಮನೆಯ ಬಾಯಿಗೆ ಅಡ್ಡ ಕೂರಿಸಿಬಿಟ್ಟ. ಬಚ್ಚಲು ತುಂಬ ಕೊಳಕು ಉಕ್ಕಿ, ತಮ್ಮ ಬಂದು ಕೊರಳಪಟ್ಟಿ ಹಿಡಿದಾಗ ಮೇಸ್ತ್ರಿ ಕೆಲಸಗಾರರೆಲ್ಲರ ಎದುರು, "ಬೇಕಂತಲೇ ಮುಚ್ಚಿದೆ, ಏನೀಗ?" ಎಂದಿದ್ದ. ಬಳೆ ಬಿಚ್ಚಿದರೆ ಪೈಪೇ ಕುಸಿಯುತ್ತಿತ್ತು. ತಮ್ಮನೇ ತನ್ನ ಅಂಗಳ ಅಗೆಸಿ ಬೇರೆ ಪೈಪು ಹಾಕಿಸಿಕೊಂಡ. ಅಣ್ಣತಮ್ಮಂದಿರ ಮಾತು ಅಲ್ಲಿಗೇ ನಿಂತಿತು.

ಜಗಳವಾದ ದಿನ ಮನೆಗೆ ಬಂದ ಮೇಸ್ತ್ರಿ ಊಟ ಮುಟ್ಟಲಿಲ್ಲ. ಮೇಲಿನ ಮ್ಯಾನ್‌ಹೋಲಿನಿಂದ ಹಿಡಿಯಬೇಕಾದ ಅಳತೆಯನ್ನು ಕೆಳಗಿನದರಿಂದ ಹಿಡಿದೆ ಎಂದು ಹೆಂಡತಿಗೆ ಮಾತ್ರ ಹೇಳಿದ. ಕೆಲಸದವರಿಗೆ ತಿಳಿದರೆ ತಲೆ ಎತ್ತಿ ತಿರುಗಲಾರೆ, ಬಾಯಿ ಬಿಟ್ಟರೆ ನನ್ನಾಣೆ ಎಂದ.

*

"ಬೇಕಂತ ಮುಚ್ಚಲಿಲ್ಲ ಅವರು," ಎಂದಳು ಹೆಂಡತಿ, ಗೇಟಿನ ಬಳಿ ನಿಂತು, ಎಲ್ಲರಿಗೂ ಕೇಳುವಂತೆ. "ಅಳತೆ ತಪ್ಪಿದ್ರು. ಒಪ್ಪಿಕೊಳ್ಳೋಕೆ ನಾಚಿಕೆ."

ಡೊಳ್ಳ ನೆಟ್ಟಗಾದ. "ಮೇಸ್ತ್ರಿ ಅಳತೆ ತಪ್ಪೋದಾ? ಹೆಣಕ್ಕೆ ಮಣ್ಣು ಬೀಳೋ ಮುಂಚೆ ಹೆಸರಿಗೆ ಮಣ್ಣು ಹಾಕ್ತೀಯಲ್ಲಕ್ಕ." ಸುಳ್ಳು ಹೇಳಿ ಹೆಗಲು ಸಂಪಾದಿಸುವವಳಿಗೆ ತನ್ನ ಹೆಗಲು ಯಾಕೆ ಎಂದು ಗೊಣಗುತ್ತ ಹೊರಟೇ ಹೋದ.

ತಮ್ಮ ಬಂದು ಪೆಟ್ಟಿಗೆಯ ಮುಚ್ಚಳಕ್ಕೆ ಅಂಗೈಯಿಂದ ಬಡಿದ. "ಅವತ್ತೇ ಬೊಗಳಿದ್ರೆ ನಿನ್ನ ಗಂಟೇನು ಹೋಗ್ತಿತ್ತೋ?" ಎಂದವನು ಬಗ್ಗಿ ತನ್ನ ಮೂಲೆ ಹಿಡಿದ.

ಡೊಳ್ಳನ ಮೂಲೆ ಖಾಲಿ ಉಳಿಯಿತು. ನೋಡುತ್ತಿದ್ದ ಬೀದಿಯವರು ತಂತಮ್ಮ ಬಾಗಿಲು ಬಿಟ್ಟು ಕದಲಲಿಲ್ಲ. ಅವಳೇ ಹೋಗಿ ಹೆಗಲು ಕೊಟ್ಟಳು. ಎತ್ತರ ಸಾಲದೆ ಪೆಟ್ಟಿಗೆ ಅವಳ ಕಡೆಗೆ ವಾಲಿತು. ಒಳಗೆ ಗಂಡ ಜಾರಿ ಬಂದು ಹಲಗೆಗೆ ತಗುಲಿ ನಿಂತ ಸದ್ದು ಅವಳ ಕಿವಿಯ ಪಕ್ಕದಲ್ಲೇ ಕೇಳಿಸಿತು.