ಬಿರುಕಿಗೆ ಬಿದ್ದ ರಿಂಗು

ಕೆಟ್ಟ ಜೀಪು ತೆಗೆದುಕೊಂಡು ಹುಬ್ಬಳ್ಳಿಯ ಮೂರು ಗ್ಯಾರೇಜು ಸುತ್ತಿದೆ. ಒಬ್ಬ ಇಂಜಿನ್ ಬದಲಿಸು ಎಂದ, ಇನ್ನೊಬ್ಬ ಗುಜರಿಗೆ ಹಾಕು ಎಂದ, ಮೂರನೆಯವನು ಜೀಪಿನ ಜೊತೆ ಸೆಲ್ಫಿ ತೆಗೆದುಕೊಂಡ. ಮುಂಗಾರಿನ ಮಿರಗಾ ಮಳೆಗೆ ಎಂಟು ದಿನ ಉಳಿದಿತ್ತು. ನನಗೆ ಯಾರ ತಲೆಯ ಮೇಲಾದರೂ ನಟ್ಟು ಬಿಚ್ಚುವ ಪಾನಾ ಎತ್ತಿ ಹಾಕುವಷ್ಟು ಸಿಟ್ಟು.

ನನ್ನ ಹೆಂಡತಿ ಶೈಲಾಗೆ ವಾರಕ್ಕೆ ಎರಡು ಸಲ ಹುಬ್ಬಳ್ಳಿಯಲ್ಲಿ ಡಯಾಲಿಸಿಸ್ ಆಗಲೇಬೇಕು. ಯರಗುಪ್ಪಿಯ ಹೊಲದಲ್ಲಿರುವ ನಮ್ಮ ಮನೆಯಿಂದ ಡಾಂಬರು ರಸ್ತೆಗೆ ಮೂರು ಕಿಲೋಮೀಟರ್ ಎರೆಮಣ್ಣಿನ ದಾರಿ. ಮಳೆ ಬಿದ್ದರೆ ಅಲ್ಲಿ ಇಟ್ಟ ಕಾಲು ಬರುತ್ತದೆ, ಚಪ್ಪಲಿ ಬರುವುದಿಲ್ಲ. ಹೋದ ವರ್ಷ ಟ್ರ್ಯಾಕ್ಟರು ದಾರಿಯಲ್ಲೇ ಹೂತು ಎರಡು ಸರದಿ ತಪ್ಪಿದವು. ಅವಳ ಮುಖ ಬಾತು, ಉಸಿರಿಗೆ ಒದ್ದಾಡತೊಡಗಿದಾಗ ಆರು ಜನ ಹೊರಸಿನ ಮೇಲೆ ಹೊತ್ತು ಸಾಗಿಸಿದೆವು. ಹುಬ್ಬಳ್ಳಿಯಲ್ಲೇ ಖೋಲಿ ಹಿಡಿಯೋಣವೆಂದರೆ ಅವಳು ಸುತಾರಾಂ ಒಪ್ಪಲಿಲ್ಲ.

"ಖೋಲ್ಯಾಗ ಬಿದ್ಕೊಂಡು ಗ್ವಾಡಿ ನೋಡೂದಕಿಂತ, ಇಲ್ಲೇ ನನ್ನ ಎಮ್ಮಿ ಮಾರಿ ನೋಡ್ಕೋಂತ ಇರ್ತೀನ್ರಿ," ಎಂದಳು.

ಅದಕ್ಕೇ ಹಳೆಯ ಜೀಪು ಕೊಂಡಿದ್ದು. ನಾಲ್ಕೂ ಗಾಲಿ ಎಳೆಯುತ್ತವೆ ಎಂದು ಮಾರಿದವನು ಆಣೆ ಮಾಡಿದ್ದ. ಎಳೆಯುತ್ತಿದ್ದುದು ಹಿಂದಿನ ಎರಡೇ. ಕೊನೆಗೆ ಗುಡಗೇರಿ ಸಂತೆಯಲ್ಲಿ ಮೆಣಸಿನಕಾಯಿ ಮಾರುವವನೊಬ್ಬ ನನ್ನ ಗೋಳು ಕೇಳಿ, "ಸ್ಟೇಶನ್ ಬಾಜೂಕ ಅಕ್ಬರಸಾಬರು ಅದಾರ. ಜೀಪಿನ ಹೊಟ್ಟ್ಯಾಗಿಂದು ಅವರಿಗೇ ಗೊತ್ತು," ಎಂದ.

ಅಕ್ಬರಸಾಬರಿಗೆ ಎಪ್ಪತ್ತು ದಾಟಿದೆ. ಎರಡೂ ಕೈ ನಡುಗುತ್ತವೆ. ಕೆಲಸ ಬಿಟ್ಟು ನಾಲ್ಕು ವರ್ಷವಾಯಿತು ಎಂದರು. ನಾನು ಬಾಗಿಲಿನಿಂದ ಕದಲಲಿಲ್ಲ, ಶೈಲಾಳ ವಿಷಯ ಹೇಳಿದೆ. ಒಳಗಿನಿಂದ ಅವರ ಹೆಂಡತಿ ನಸೀಮಾಬಿ, "ಕರ್ಕೊಂಡ ಹೋಗ್ರಿ. ಮನ್ಯಾಗ ಕುಂತು ನನ್ನ ತಲಿ ತಿಂತಾರ," ಎಂದರು.

"ಕೈ ನಿಂದು, ಬುದ್ಧಿ ನಂದು," ಎಂದರು ಅಕ್ಬರಸಾಬರು, ನನ್ನ ಹೆಸರು ಕೇಳಿಕೊಂಡು ಜೀಪು ಹತ್ತುತ್ತ. "ಗಡಿಬಿಡಿ ಮಾಡಿದ್ರ ಎದ್ದು ಹೋಗ್ತೀನಿ ನೋಡು ಪ್ರಭು."

ಮೂರು ದಿನ ಅವರು ನಮ್ಮ ಅಂಗಳದಲ್ಲಿ ಹೊರಸಿನ ಮೇಲೆ ಕೂತು ಹೇಳಿದರು, ನಾನು ಗಾಡಿಯ ಕೆಳಗೆ ಮಲಗಿ ಬಿಚ್ಚಿದೆ. ಕಲಿತದ್ದಕ್ಕಿಂತ ಬೈಸಿಕೊಂಡದ್ದೇ ಹೆಚ್ಚು. ಮುಂದಿನ ಗಾಲಿಯ ನಡುವಿನ ಹಬ್ಬಿನೊಳಗೆ ಒಂದು ಹಲ್ಲಿನ ರಿಂಗು ಇರುತ್ತದೆ, ಗಾಲಿಯನ್ನು ಅಚ್ಚಿಗೆ ಕಚ್ಚಿ ಹಿಡಿಯುವುದು ಅದೇ. ಬಲಗಡೆಯದರ ಹಲ್ಲು ಪೂರಾ ಸವೆದಿತ್ತು. ಮರುದಿನ ಅಕ್ಬರಸಾಬರು ಮನೆಯಿಂದ ಅಂಥದೇ ರಿಂಗನ್ನು ಅರಿವೆಯಲ್ಲಿ ಸುತ್ತಿ ತಂದರು. ಕೂಸಿನ ಬಳೆಯಷ್ಟಿತ್ತು. "ನನ್ನ ಗಾಡೀದು. ಇದ ಕಡೀದು, ಇನ್ನ ಎಲ್ಲೂ ಸಿಗೂದಿಲ್ಲ," ಎಂದರು.

ಅದು ಗುರುವಾರ. ಪಡುವಣದಲ್ಲಿ ಮೋಡ ಕಪ್ಪಿಟ್ಟಿತ್ತು. ಶನಿವಾರ ಶೈಲಾಳ ಸರದಿ.

"ಕೆಳಗ ಕೌದಿ ಹಾಸು," ಎಂದರು ಅಕ್ಬರಸಾಬರು.

ಬೇಸಿಗೆಯಲ್ಲಿ ನಮ್ಮ ಎರೆ ನೆಲ ಗೇಣುಗಲ ಬಿರಿಯುತ್ತದೆ. ಒಂದು ನಟ್ಟು ಬಿಚ್ಚುವುದಿದ್ದರೂ ಕೆಳಗೆ ಏನಾದರೂ ಹಾಸಬೇಕು, ಇದು ನನಗೆ ಹೇಳಿಕೊಡಬೇಕಾದ ಮಾತಲ್ಲ. ಆದರೂ, "ಎರಡ ನಿಮಿಷದ ಕೆಲಸ ಕಾಕಾ," ಎಂದೆ. ಗ್ರೀಸು ಹತ್ತಿದ ಬೆರಳಿನಿಂದ ರಿಂಗು ಜಾರಿತು. ಜಾಕಿಗೆ ಠಣ್ ಎಂದು ಬಡಿದು, ಉರುಳಿ, ಬಿರುಕಿನೊಳಗೆ ಹೋಯಿತು.

ಟಾರ್ಚು ಬಿಟ್ಟೆ, ಏನೂ ಕಾಣಲಿಲ್ಲ. ತಂತಿಯ ಕೊಕ್ಕೆ ಇಳಿಸಿದೆ, ಬರೀ ಮಣ್ಣು ಬಂತು. ಕೈ ಹಾಕಿದರೆ ಕೆಳಗೆ ಬಿರುಕು ಕಿರಿದಾಗಿ, ಮೊಣಕೈ ಸಿಕ್ಕಿಕೊಂಡಿತು. ಹಾರೆ ತಂದು ಅಗೆಯತೊಡಗಿದೆ.

"ಅಗೀಬ್ಯಾಡಲೇ! ಮಣ್ಣು ಕುಸದು ಮುಚ್ಚತದ!"

"ನಿಮ್ಮ ಕೈ ನೆಟ್ಟಗಿದ್ದಿದ್ರ ನನಗ್ಯಾಕ ಈ ಪಾಡು ಬರ್ತಿತ್ರಿ?" ಎಂದು ಚೀರಿದೆ.

ಅಕ್ಬರಸಾಬರು ನಡುಗುವ ಕೈಗಳನ್ನು ಕಂಕುಳಲ್ಲಿ ಇಟ್ಟುಕೊಂಡರು. ನನಗೆ ನಾಚಿಕೆಯಾಯಿತು, ಹಾರೆ ಕೆಳಗಿಟ್ಟೆ. ಅಷ್ಟರಲ್ಲಿ ಕೈಮೇಲೆ ಒಂದು ದಪ್ಪ ಹನಿ ಬಿತ್ತು. ಮಳೆ ಹಿಡಿದರೆ ನೆಲ ಉಬ್ಬಿ ಬಿರುಕು ಮುಚ್ಚುತ್ತದೆ, ಮುಂದಿನ ಬೇಸಿಗೆಯವರೆಗೆ ಬಾಯಿ ಬಿಡುವುದಿಲ್ಲ.

ಶೈಲಾ ಕಟ್ಟೆಯಿಂದ ಇಳಿದು ಬಂದಳು. "ಸರೀರಿ ಅತ್ಲಾಗ," ಎಂದಳು.

"ಹುಚ್ಚಿ ಆದೇನು? ಒಳಗ ಚೇಳಿರ್ತಾವ."

"ಇದ್ರ ಇರ್ಲಿ. ಸರದಿಗೆ ಎರಡರಂಗ ವಾರಕ್ಕ ನಾಕ ಸೂಜಿ ಚುಚ್ಚಿಸ್ಕೊಳ್ಳಾಕಿ, ನನಗ್ಯಾತರ ಚೇಳು?"

ನೆಲಕ್ಕೆ ಮಲಗಿದಳು. ಎಡಗೈ ಡಯಾಲಿಸಿಸ್‌ಗೆಂದು ನರ ಜೋಡಿಸಿದ, ಸೂಜಿ ಚುಚ್ಚುವ ಕೈ, ಅದರ ಮೇಲೆ ಭಾರ ಬೀಳಬಾರದು. ಅದನ್ನು ನನ್ನ ಅಂಗೈಯಲ್ಲಿ ಇಟ್ಟು, ಬಲಗೈಯನ್ನು ಬಿರುಕಿನೊಳಗೆ ಇಳಿಸಿದಳು. ನನ್ನ ಮೊಣಕೈ ಸಿಕ್ಕ ಜಾಗ ದಾಟಿ ಅವಳ ಕೈ ಭುಜದವರೆಗೂ ಸಲೀಸಾಗಿ ಹೋಯಿತು. ಅಷ್ಟು ಸಣ್ಣಗಾಗಿತ್ತು. ಯಾವಾಗ ಆಯಿತು? ಕಾಯಿಲೆ ಶುರುವಾದ ಈ ಎರಡು ವರ್ಷ ಒಂದೇ ಮನೆಯಲ್ಲಿದ್ದೂ ನಾನು ನೋಡಿರಲಿಲ್ಲ. ಮೋಡ ನೋಡಿದೆ, ದಾರಿ ನೋಡಿದೆ, ಗ್ಯಾರೇಜು ನೋಡಿದೆ. ಅವಳನ್ನು ನೋಡುವ ಧೈರ್ಯವೇ ಇರಲಿಲ್ಲ. ಅಂಗೈಯಲ್ಲಿದ್ದ ಎಡಗೈಯೊಳಗೆ ರಕ್ತ ಜುಂ ಎಂದು ಓಡುತ್ತಿತ್ತು.

"ಸಿಕ್ತು," ಎಂದಳು ಶೈಲಾ, ಕೆನ್ನೆ ಮಣ್ಣಿಗೆ ಒತ್ತಿಕೊಂಡೇ. ರಿಂಗು ಎರಡು ಬೆರಳಿನ ನಡುವೆ ಮೇಲೆ ಬಂತು. "ಈ ಬ್ಯಾನಿಯಿಂದ ಇದೊಂದ ಉಪಯೋಗ ಆತು ನೋಡ್ರಿ."

ಮಳೆಯಲ್ಲೇ ರಿಂಗು ಕೂರಿಸಿದೆ. ಅಕ್ಬರಸಾಬರು ತಲೆಗೆ ಚೀಲದ ಕೊಪ್ಪೆ ಹಾಕಿಕೊಂಡು ಪಕ್ಕದಲ್ಲೇ ಕೂತರು.

"ಕಾಕಾ, ನನ್ನಿಂದ ತಪ್ಪಾತ್ರಿ."

"ನಟ್ಟು ಬಿಗಿ ಮಾಡು. ತಪ್ಪು ಆಮ್ಯಾಲೆ ನೋಡೂಣು."

ಶನಿವಾರ ಬೆಳಗ್ಗೆ ದಾರಿಯೆಲ್ಲ ಕೆಸರು. ನಾಲ್ಕೂ ಗಾಲಿಗೆ ಎಳೆತ ಕೊಡುವ ಲಿವರು ಎಳೆದೆ. ಜೀಪು ಗುರುಗುಟ್ಟಿತು, ಬಾಲ ಅಲ್ಲಾಡಿಸಿತು, ಮುಂದಿನ ಗಾಲಿಗಳು ಮಣ್ಣು ಕಚ್ಚಿ ನಮ್ಮನ್ನು ಡಾಂಬರಿಗೆ ತಂದು ಹಾಕಿದವು. ಶೈಲಾ ಸೀಟಿನ ಕಂಬಿ ಹಿಡಿದು ದಾರಿಯುದ್ದಕ್ಕೂ ನನಗೆ ಬೈಯುತ್ತಲೇ ಇದ್ದಳು.

ಆಸ್ಪತ್ರೆಯಲ್ಲಿ ನರ್ಸು ಅವಳ ಉಗುರೊಳಗಿನ ಮಣ್ಣು ನೋಡಿ, "ಹೊಲದ ಕೆಲಸ ಮಾಡಬ್ಯಾಡ್ರಿ ಅಂತ ಎಷ್ಟ ಸಲ ಹೇಳೂದ್ರಿ ಅಕ್ಕಾ?" ಎಂದು ಗದರಿದಳು.

"ಹೊಲದ ಕೆಲಸ ಅಲ್ರಿ, ಗಾಡಿ ರಿಪೇರಿ ಮಾಡಿದ್ನಿರಿ."

ತಮಾಷೆ ಎಂದುಕೊಂಡು ನರ್ಸು ನಕ್ಕು ಹೋದಳು. ನಾನು ಸ್ಟೂಲು ಎಳೆದುಕೊಂಡು ಶೈಲಾಳ ಬಲಗೈಯನ್ನು ಎರಡೂ ಕೈಯಲ್ಲಿ ಹಿಡಿದೆ.

"ನನಗ ಭಾಳ ಅಂಜಿಕಿ ಆಗ್ತದ ಶೈಲಾ," ಎಂದೆ.

ಅವಳು ಕೈ ಬಿಡಿಸಿಕೊಳ್ಳಲಿಲ್ಲ.

"ನನಗೂ ಆಗ್ತದರಿ," ಎಂದಳು.